ಮೈಗೆ ಹತ್ತಲಿ

ಯಾರು ಹೋದರು ಅಂತ ಕೇಳಿದಳು ಪಕ್ಕದ ಮನೆಯ ಚೇಲಾ,
ನನ್ನ ಕೈಯಲ್ಲಿ ಚೀಲ ಕಂಡು.
ಸಾವಿಗೋ ಬಾಣಂತನಕ್ಕೋ ಅಲ್ಲದೆ
ನಾನು ಟೊರೆಯೋನ್ ದಾಟಿದ್ದಿಲ್ಲ.
ಯಾರೂ ಹೋಗಿಲ್ಲ ಮಾರಾಯ್ತಿ, ನಾನೇ ಹೋಗ್ತಿದ್ದೀನಿ,
ರಾಜಧಾನಿಗೆ. ಸುಮ್ಮನೆ.

ಸೋಮವಾರವೂ ರಜೆ ಕೂಡಿದರೆ
ಆ ಮೂರು ದಿನಕ್ಕೆ ನಮ್ಮಲ್ಲಿ ಸೇತುವೆ ಅನ್ನುತ್ತಾರೆ.
ಇಷ್ಟು ವರ್ಷ ಅದರ ಕೆಳಗೇ ಕೂತು
ಪಾತ್ರೆ ತಿಕ್ಕುತ್ತಿದ್ದೆ.

ಆಸ್ಪತ್ರೆಯ ಅಡುಗೆಯವಳು ನಾನು.
ಇನ್ನೂರ ಹನ್ನೊಂದು ಹಾಸಿಗೆ,
ಉಪ್ಪಿಲ್ಲದ ಸಾರು, ಬೇಯಿಸಿದ ಸೀಮೆಬದನೆ,
ಅರ್ಧಕ್ಕರ್ಧ ಹಾಗೇ ವಾಪಸು ಬರುವ ತಟ್ಟೆ.

ಇಡೀ ರಾತ್ರಿ ಬಸ್ಸು. ಬೆಳಿಗ್ಗೆ ಮೆಟ್ರೋ ಬಾಯಲ್ಲಿ
ಹಬೆಯ ಡಬ್ಬಿ, ಹಬೆಯ ಹಿಂದೆ ಒಬ್ಬ ಹುಡುಗ
ಜೋಳದ ಕಡುಬನ್ನು ಬನ್ನಿನೊಳಗೆ ತುರುಕಿ ಕೊಟ್ಟ.
ಹಿಟ್ಟಿಗೆ ಹಿಟ್ಟೇ ನೆಂಚಿಕೆ! ನಮ್ಮೂರಲ್ಲಿ ನಗುತ್ತಾರೆ.
ನಿಂತೇ ತಿಂದೆ. ಇನ್ನೊಂದು ಕೊಡಪ್ಪ ಅಂದೆ.

ಓದು ಬಾರದವರೂ ಇಳಿಯಲೆಂದು
ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರ:
ಮಿಡತೆ, ಗಂಟೆ, ಬಾತುಕೋಳಿ.
ನನ್ನಜ್ಜಿ ಬಂದಿದ್ದರೆ ದಾರಿ ತಪ್ಪುತ್ತಿರಲಿಲ್ಲ.
ಓದು ಬರುವ ನಾನು
ಎರಡು ಸಲ ತಪ್ಪಿದೆ.

ಕೆರೆ ಮುಚ್ಚಿ ಕಟ್ಟಿದ ಊರಂತೆ ಇದು,
ಇನ್ನೂ ಕೂರುತ್ತಲೇ ಇದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ.
ಹಳೆಯ ಇಗರ್ಜಿಯೊಂದರ ನೆಲ ಎಡಕ್ಕೆ ಏರಿತ್ತು,
ಬಂದವರೆಲ್ಲ ಗೋಡೆ ಹಿಡಿದು ನಗುತ್ತಿದ್ದರು.
ನನ್ನ ಎಡಗಾಲು ಹುಟ್ಟಿದಾಗಿನಿಂದ ಅರ್ಧ ಅಂಗುಲ ಗಿಡ್ಡ.
ಅಲ್ಲಿ ನೆಟ್ಟಗೆ ನಿಂತೆ.

ಸಂಜೆ ಚೌಕದಲ್ಲಿ ಮುದುಕರ ಕುಣಿತ, ದಾನ್ಸೋನ್.
ಎರಡು ಬಣ್ಣದ ಬೂಟಿನ ಎಲೆಉತೇರಿಯೋ
ಟೋಪಿ ತೆಗೆದು ಕೈ ಚಾಚಿದ.
ಬಾರದು ಅಂದೆ.
ಹಾಡು ನಡೆಯುತ್ತಿರುವಾಗಲೇ ಅವರೆಲ್ಲ
ಒಮ್ಮೆಗೇ ನಿಂತುಬಿಡುತ್ತಾರೆ, ಹೆಂಗಸರು ಬೀಸಣಿಗೆ ಬಿಚ್ಚುತ್ತಾರೆ,
ಮತ್ತೆ ತಾಳ ಬರುವ ತನಕ ಯಾರಿಗೂ ಯಾವ ಅವಸರವಿಲ್ಲ.
ಆ ನಿಲ್ಲುವುದು ನನಗೆ ಬರುತ್ತಿತ್ತು.
ಅಷ್ಟನ್ನೇ ಕುಣಿದೆ, ನಾಲ್ಕು ಸಲ.

ಭಾನುವಾರ ಮಧ್ಯಾಹ್ನ, ಜನ ಗಿಜಿಗುಡುವ ಖಾನಾವಳಿ.
ಎಷ್ಟು ಜನ? ಅಂದ ಮಾಣಿ,
ನನ್ನ ಬೆನ್ನ ಹಿಂದೆ ಇಣುಕಿದ.
ಇಷ್ಟೇ ಅಂದೆ.

ಕಪ್ಪು ಗೊಜ್ಜು ಬಂತು, ಕೋಳಿಯನ್ನು ಮುಳುಗಿಸಿಕೊಂಡು.
ಎಳ್ಳು. ಲವಂಗ. ಸುಟ್ಟ ರೊಟ್ಟಿ. ಕಳಿತ ಬಾಳೆ.
ಒಣಮೆಣಸಿನಲ್ಲಿ ಮೂರು ಜಾತಿ, ಒಂದನ್ನು ಬೇಕೆಂದೇ ಸೀಯಿಸಿದ್ದಾರೆ.
ಹನ್ನೆರಡಕ್ಕೆ ಲೆಕ್ಕ ತಪ್ಪಿತು.
ತಪ್ಪಲಿ. ಹೊತ್ತು ಮೂಡುವ ಮುಂಚೆ ಎದ್ದು
ಇದನ್ನು ಅರೆದ ಕೈ ನನ್ನದಲ್ಲ.
ಅಳು ಬಂತೆಂದರೆ ಸುಳ್ಳಾದೀತು.
ಬೆವರು ಬಂತು, ಮೂಗಿನ ತುದಿಯಲ್ಲಿ.

ಪಕ್ಕದ ಮೇಜಿನವರು ಎದ್ದರು. ಹೆಸರರಿಯೆ, ಊರರಿಯೆ.
ಬಾಗಿಲ ಕಡೆ ನಡೆಯುತ್ತಲೇ ನನ್ನತ್ತ ತಲೆಬಾಗಿ ಹೇಳಿದರು,
ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು:
ಉಂಡದ್ದು ಮೈಗೆ ಹತ್ತಲಿ.
ಆಮೇಲೆ ಒಬ್ಬ ಪೊಲೀಸಿನವನು. ಒಬ್ಬ ತಾಯಿ,
ಅವಳ ಸೆರಗಿಗಂಟಿದ ಪೋರನೂ ತೊದಲಿದ.
ತಟ್ಟೆ ಬರಿದಾಗುವಷ್ಟರಲ್ಲಿ ಏಳು ಜನ.
ನಾನು ಬೇಯಿಸಿದ್ದಕ್ಕಲ್ಲ, ತಿಂದದ್ದಕ್ಕೆ.

ಸೋಮವಾರ ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ.
ಒಂದು ಬೆಂಚು. ನೇರಿಳೆ ಹೂ. ಕಾಲುನೋವು.
ಹಳೇ ಹಾಸಿಗೆ, ಹಳೇ ಒಲೆ ಕೊಳ್ಳುತ್ತೇವೆಂದು
ಗಾಡಿಯ ಸ್ಪೀಕರಿನಲ್ಲಿ ಕೂಗುವ ಹುಡುಗಿಯ ದನಿ
ಬೀದಿಯಿಂದ ಬೀದಿಗೆ ಸಣ್ಣದಾಗುತ್ತ ಹೋಯಿತು.

ಮಂಗಳವಾರ, ಐದು ಗಂಟೆ. ಇನ್ನೂರ ಹನ್ನೊಂದು ತಟ್ಟೆ
ತಳ್ಳುಗಾಡಿ ಏರಿ ಹೊರಟವು.
ಮೈಗೆ ಹತ್ತಲಿ ಅಂದೆ, ಕೊಂಚ ಗಟ್ಟಿಯಾಗಿ.
ಗಾಡಿಯ ಫೌಸ್ತೋ ತನ್ನ ಬೆನ್ನ ಹಿಂದೆ ಇಣುಕಿದ.

ಉಪ್ಪು?
ಇಲ್ಲಪ್ಪ, ಹಾಕಲಿಲ್ಲ.